ಡಬ್ಬ ಹೋಯ್ತು ಸರಿ, ವಾಪಸ್ ಬರ್ತದಾ?

ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾರ ಚಿತ್ರಕ್ಕೆ ಮುಹೂರ್ತ, ಯಾರಿಗೂ ಯಾರಿಗೂ ಮಾತು ಬಿಟ್ಟಿದೆ, ಯಾರು ಕಾಲ್‌ಶೀಟ್ ಕೊಟ್ಟು ಕೈ ಎತ್ತಿದ್ದಾರೆ... ಅದೆಲ್ಲ ಮುಂದಿನ ವಾರಕ್ಕೆ. ಈ ವಾರ ನನ್ನ ಸ್ವಂತ ಕಥೆ. ಬೈಯಬೇಡಿ. ಇದರಲ್ಲಿ ಹಾಡಿಲ್ಲ, ಫೈಟಿಲ್ಲ. ವಿಲನ್ ಮಾತ್ರ ಇದ್ದಾನೆ. ಅವನು ನಾನೇ!

ಹೊಸನಗರದಲ್ಲಿ ನನ್ನ ಸೋದರಮಾವ ಇದ್ದಾರೆ. ಅರವತ್ತೈದು ದಾಟಿದ ಮನುಷ್ಯ. ಹುಡುಗನಾಗಿದ್ದಾಗ ಟೆಂಟ್ ಟಾಕೀಸಿನಲ್ಲಿ ಆಪರೇಟರ್ ಕೈಕೆಳಗೆ ರೀಲು ಸುತ್ತುತ್ತಿದ್ದವರು. ಆ ಕಾಲದ ಕಥೆ ಶುರು ಮಾಡಿದರೆಂದರೆ ಎದುರಿಗಿದ್ದ ಕಾಫಿ ಆರಿ ತಣ್ಣಗಾಗಬೇಕು. ಒಂದೇ ಪ್ರಿಂಟು, ಎರಡು ಊರು. ಇಲ್ಲಿ ಮೊದಲ ರೀಲುಗಳು ಮುಗಿಯುತ್ತಿದ್ದ ಹಾಗೆ ಡಬ್ಬಕ್ಕೆ ತುಂಬಿ ಮೋಟಾರ್ ಸೈಕಲ್ ಮೇಲೆ ಪಕ್ಕದ ಊರಿಗೆ ಓಡಿಸುವುದು. ಅಲ್ಲಿ ಷೋ ತಡವಾಗಿ ಶುರು. ದಾರಿಯಲ್ಲಿ ಟಯರ್ ಪಂಕ್ಚರ್ ಆಯಿತೋ, ಹಳ್ಳ ಉಕ್ಕಿತೋ, ಮುಗೀತು! ಅಲ್ಲಿ ಶಿಳ್ಳೆ, ಕೂಗು, ಬೆಂಚು ಬಡಿತ. ವಾರ ಮುಗಿದ ಮೇಲೆ ಡಬ್ಬ ಬಸ್ಸಿನ ಟಾಪಿಗೆ. ಟೆಂಟಿನ ಮ್ಯಾನೇಜರ್ ಪ್ರತಿಸಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆಯಂತೆ: "ಡಬ್ಬ ಹೋಯ್ತು ಸರಿ ಮಾರಾಯ, ವಾಪಸ್ ಬರ್ತದಾ?"

ಇವತ್ತು ನಾವೆಲ್ಲ ನಮ್ಮ ಫೋಟೋ, ವಿಡಿಯೋ, ಹಾಡು, ದನಿ ಎಲ್ಲವನ್ನೂ ಕಾಣದ ಊರಿಗೆ ಕಳಿಸುತ್ತಿದ್ದೇವೆ. ಕ್ಲೌಡ್ ಅಂತಾರೆ. ಹೆಸರು ಕೇಳಿ ಮೋಸ ಹೋಗಬೇಡಿ. ಅದು ಮೋಡವೂ ಅಲ್ಲ, ಆಕಾಶವೂ ಅಲ್ಲ. ಯಾವುದೋ ಕಂಪನಿಯ ದೊಡ್ಡ ಗೋಡೌನಿನಲ್ಲಿ ಸಾಲಾಗಿ ಜೋಡಿಸಿಟ್ಟ ಡಿಸ್ಕುಗಳು, ಅಷ್ಟೇ. ಡಬ್ಬ ಕಳಿಸುವಾಗ ಆ ಮ್ಯಾನೇಜರ್ ಕೇಳಿದ ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಅಪ್ಪಯ್ಯ ತೀರ್ಥಹಳ್ಳಿ ಕಡೆಯವರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹಗಲು ಲೆಕ್ಕ, ರಾತ್ರಿ ಸೆಕೆಂಡ್ ಷೋ. ನಾನು ಎರಡನೇ ಪಿಯುಸಿಯಲ್ಲಿದ್ದಾಗ, 2014ರ ಮಳೆಗಾಲದಲ್ಲಿ, ತೀರಿಕೊಂಡರು. ಅಲ್ಲಿಗೆ ನನ್ನ ಕಾಲೇಜೂ ಮುಗಿಯಿತು. ಅವರ ಫೋಟೋ ನಾಲ್ಕೈದು ಇವೆ. ದನಿ? ಆಗ ನಮ್ಮ ಮನೆಯಲ್ಲಿದ್ದದ್ದು ಬಟನ್ ಫೋನು. ಅವರ ದನಿ ಉಳಿದಿದ್ದದ್ದು ಪ್ರಪಂಚದಲ್ಲಿ ಒಂದೇ ಕಡೆ.

1999ರ ಮೇ ತಿಂಗಳು ಹೊಸನಗರದಲ್ಲಿ ಚಿಕ್ಕಮ್ಮನ ಮದುವೆ. ಅಷ್ಟೊತ್ತಿಗೆ ಮಾವ ಟೆಂಟು ಬಿಟ್ಟು ವಿಡಿಯೋ ಹಿಡಿದಿದ್ದರು. ಹೆಗಲ ಮೇಲೆ ಅಷ್ಟು ದೊಡ್ಡ ವಿಎಚ್‌ಎಸ್ ಕ್ಯಾಮೆರಾ, ಹಿಂದೆ ವಯರು ಎಳೆದುಕೊಂಡು ಲೈಟ್ ಹಿಡಿಯುವ ಹುಡುಗ. ರಾತ್ರಿ ಊಟ ಆದ ಮೇಲೆ ಚಪ್ಪರದಡಿ ಯಾರೋ ಅಪ್ಪಯ್ಯನ ಕೈಗೆ ಮೈಕು ಕೊಟ್ಟಿದ್ದಾರೆ. ಅಪ್ಪಯ್ಯ ಅಣ್ಣಾವ್ರ ಧಾಟಿಯಲ್ಲಿ ಬೀಗರಿಗೆ ಸ್ವಾಗತ ಕೋರುತ್ತಾರೆ, ಶಂಕರ್‌ನಾಗ್ ಹಾಗೆ ನಡೆದು ತೋರಿಸುತ್ತಾರೆ, ಕೊನೆಗೆ ನಗು ತಡೆಯಲಾಗದೆ ತಾವೇ ಕೆಮ್ಮುತ್ತಾರೆ. ಒಟ್ಟು ನಾಲ್ಕು ನಿಮಿಷ. ಮೂಲೆಯಲ್ಲಿ ಯಾರದೋ ಸೊಂಟದ ಮೇಲೆ ಎರಡು ವರ್ಷದ ನಾನು, ಬಾಯಲ್ಲಿ ಬೆರಳು!

ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ. ಬೆಲ್ಟಿಗೂ ಬೂಷ್ಟು, ಚಪ್ಪಲಿಗೂ ಬೂಷ್ಟು. ಕ್ಯಾಸೆಟ್ಟನ್ನು ಬಿಡುತ್ತದೆಯೇ? ಟೇಪಿನ ಅಂಚಿನಲ್ಲಿ ಬಿಳಿ ಪುಡಿಯ ಹಾಗೆ ಶುರುವಾಗುತ್ತದೆ. ಗೊತ್ತಿಲ್ಲದೆ ಪ್ಲೇಯರಿಗೆ ಹಾಕಿದರೆ ಹೆಡ್ಡಿಗೂ ಮೆತ್ತಿಕೊಂಡು, ಆಮೇಲೆ ಹಾಕಿದ ಒಳ್ಳೇ ಕ್ಯಾಸೆಟ್ಟಿಗೂ ಅಂಟುತ್ತದೆ. ಮಾವನ ಅಟ್ಟದಲ್ಲಿ ಹಾಗೆ 41 ಕ್ಯಾಸೆಟ್ ಇದ್ದವು. ಮದುವೆ, ಮುಂಜಿ, ಜಾತ್ರೆ, ರಾತ್ರಿಯಿಡೀ ಯಕ್ಷಗಾನ. 2022ರಲ್ಲಿ ಅದನ್ನೆಲ್ಲ ಎರಡು ಚೀಲದಲ್ಲಿ ತುಂಬಿ ಶಿವಮೊಗ್ಗಕ್ಕೆ ಒಯ್ದು, ಒಬ್ಬರ ಕೈಕಾಲು ಹಿಡಿದು ಕಂಪ್ಯೂಟರಿಗೆ ಇಳಿಸಿದೆ. ಸುಮಾರು 300 ಜಿಬಿ ಆಯಿತು. ಒಂದು ಹಾರ್ಡ್‌ಡಿಸ್ಕಿನಲ್ಲಿ ಇಟ್ಟೆ. ಲ್ಯಾಪ್‌ಟಾಪಿನಲ್ಲಿ ಒಂದು ಕ್ಲೌಡ್ ಫೋಲ್ಡರ್ ಇತ್ತು, ಮುಖ್ಯವಾದ ಮದುವೆಯನ್ನು ಅದರಲ್ಲೂ ಇಟ್ಟೆ. ಕಂಪನಿ ಹೆಸರು ಬೇಡ, ತಪ್ಪು ನನ್ನದೇ. ಎರಡು ಕಡೆ ಇದೆ ಅಂತ ಎದೆಯುಬ್ಬಿಸಿಕೊಂಡು ಓಡಾಡಿದೆ.

2024ರ ಜುಲೈ. ಸಾಗರದ ನನ್ನ ಬಾಡಿಗೆ ರೂಮು, ಹೊರಗೆ ಧೋ ಅಂತ ಮಳೆ. ಲ್ಯಾಪ್‌ಟಾಪ್ ತುಂಬಿ ಹೋಗಿದೆ, ಲೇಖನ ಸೇವ್ ಆಗುತ್ತಿಲ್ಲ, ಸಂಪಾದಕರ ಫೋನು. ದೊಡ್ಡ ಫೋಲ್ಡರ್ ಯಾವುದು ನೋಡಿದೆ. ಮದುವೆ. "ಹೇಗೂ ಮೇಲೆ ಇದೆಯಲ್ಲ" ಅಂದುಕೊಂಡು ಇಲ್ಲಿ ಅಳಿಸಿದೆ. ಮೇಲೂ ಅಳಿಸಿಹೋಯಿತು!

ಅದು ಗೊತ್ತಾದದ್ದು ದೀಪಾವಳಿಗೆ. ಅಮ್ಮ "ಆ ವಿಡಿಯೋ ಹಾಕಾ, ನೋಡ್ವ" ಅಂದರು. ಮೇಲೆ ಇಲ್ಲ. ಕಸದಬುಟ್ಟಿ ಅಂತ ಒಂದು ಇರುತ್ತದೆ, ಅಳಿಸಿದ್ದನ್ನು ಒಂದೊಂದು ಕಡೆ 30 ದಿನ, ಒಂದೊಂದು ಕಡೆ 60 ದಿನ ಇಟ್ಟುಕೊಳ್ಳುತ್ತಾರೆ. ಅದೂ ಖಾಲಿ. ಹೋಗಲಿ, ಹಾರ್ಡ್‌ಡಿಸ್ಕ್ ಇದೆಯಲ್ಲ ಅಂತ ಚುಚ್ಚಿದರೆ ಒಳಗಿಂದ ಟಕ್, ಟಕ್, ಟಕ್. ಅಷ್ಟೇ. ಬೆಂಗಳೂರಿನಲ್ಲಿ ಬಿಚ್ಚಿ ನೋಡುತ್ತೇವೆ ಅಂದವರು ಹೇಳಿದ ರೇಟು ನನ್ನ ಐದು ತಿಂಗಳ ಸಂಪಾದನೆ, ಅದೂ ಗ್ಯಾರಂಟಿ ಇಲ್ಲ. ಅಮ್ಮನಿಗೆ "ಕರೆಂಟಿಲ್ಲ" ಅಂದೆ. ಕರೆಂಟು ಇತ್ತು.

ಇರಲಿ. ಅಳುವ ಸೀನು ಸಾಕು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಇದೇ ಪ್ರಶ್ನೆ. ಒಬ್ಬರ ಹತ್ತಿರ ಹಳೇ ಹಾಡಿನ ಪುಸ್ತಕಗಳ ನೂರಾರು ಫೋಟೋ ಇದೆ. ಇನ್ನೊಬ್ಬರ ಹತ್ತಿರ ಅಪ್ಪು ಜೊತೆ ಅವರ ತಂಗಿ ನಿಂತ ಒಂದೇ ಒಂದು ವಿಡಿಯೋ ಇದೆ. "ಸಾರ್, ಯಾವುದಕ್ಕೆ ಹಾಕಲಿ, ಯಾವುದು ಬೆಸ್ಟು?" ಅಂತಾರೆ. ನಾನೇನು ಇಂಜಿನಿಯರಾ? ಪಿಯುಸಿ ಬಿಟ್ಟವ. ಆದರೆ ಪೆಟ್ಟು ತಿಂದವನಿಗೆ ಎಲ್ಲಿ ನೋವು ಅಂತ ಗೊತ್ತಿರುತ್ತದಲ್ಲ, ಆ ಅಧಿಕಾರದಿಂದ ಬರೆಯುತ್ತಿದ್ದೇನೆ.

ಮೊದಲ ಮಾತು, ನನ್ನ ಹೊಟ್ಟೆ ಉರಿಸಿದ ಮಾತು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಐಕ್ಲೌಡ್ ಇವೆಲ್ಲ ಮುಖ್ಯವಾಗಿ ಕನ್ನಡಿ ಕೆಲಸ ಮಾಡುವಂಥವು. ಫೋನಿನಲ್ಲಿದ್ದದ್ದು ಲ್ಯಾಪ್‌ಟಾಪಿನಲ್ಲಿ ಕಾಣಬೇಕು, ಲ್ಯಾಪ್‌ಟಾಪಿನಲ್ಲಿದ್ದದ್ದು ಮೇಲೆ ಕಾಣಬೇಕು. ಅನುಕೂಲವೇನೋ ಹೌದು. ಆದರೆ ಸ್ವಾಮೀ, ಕನ್ನಡಿ ಮುಂದೆ ನಿಂತು ನೀವು ತಲೆ ಬೋಳಿಸಿಕೊಂಡರೆ ಕನ್ನಡಿಯೊಳಗಿನವನಿಗೆ ಕೂದಲು ಉಳಿಯುತ್ತಾ? ಇಲ್ಲಿ ಅಳಿಸಿದರೆ ಅಲ್ಲೂ ಹೋಯಿತು. ವೈರಸ್ ಬಂದು ಇಲ್ಲಿ ಫೈಲು ಕೆಟ್ಟರೆ ಕೆಟ್ಟ ಫೈಲೇ ಮೇಲಕ್ಕೂ ಹೋಗುತ್ತದೆ. ಫೋನಿನಲ್ಲಿ 'ಜಾಗ ಖಾಲಿ ಮಾಡಿ' ಅಂತ ಬರುವ ಬಟನ್ನೂ ನೀವು ಕೈಯಾರೆ ಡಿಲೀಟ್ ಒತ್ತುವುದೂ ಒಂದೇ ಅಲ್ಲ. ಮೊದಲನೆಯದು ಮೇಲಿನ ಕಾಪಿ ಬಿಟ್ಟು ಫೋನಿನದ್ದು ಮಾತ್ರ ತೆಗೆಯುತ್ತದೆ. ಎರಡನೆಯದು ಎರಡನ್ನೂ ತೆಗೆದುಬಿಡುತ್ತದೆ. ಇಷ್ಟು ಗೊತ್ತಿದ್ದರೆ ನಾನು ಇವತ್ತು ಈ ಅಂಕಣ ಬರೆಯುತ್ತಿರಲಿಲ್ಲ.

ಹಾಗಾದರೆ ಅವನ್ನು ಬಳಸಲೇಬಾರದಾ? ಬಳಸಬಹುದು. ನಾನೂ ಬಳಸುತ್ತೇನೆ. ಲ್ಯಾಪ್‌ಟಾಪಿನ ಕನ್ನಡಿ ಫೋಲ್ಡರಿಗೆ ಹಾಕಬೇಡಿ, ಬ್ರೌಸರ್ ತೆರೆದು ನೇರವಾಗಿ ಮೇಲಕ್ಕೆ ಏರಿಸಿ. ಆಮೇಲೆ ಆ ಫೋಲ್ಡರಿನ ಕಡೆ ಕೈ ಹಾಕಬೇಡಿ. ಆಗ ನಿಮ್ಮ ಲ್ಯಾಪ್‌ಟಾಪಿಗೂ ಅದಕ್ಕೂ ಸಂಬಂಧ ಇರುವುದಿಲ್ಲ.

ಬ್ಯಾಕಪ್ಪಿಗೆಂದೇ ಇರುವ ಸೇವೆಗಳೂ ಇವೆ. ಬ್ಯಾಕ್‌ಬ್ಲೇಜ್ ಅಂತ ಒಂದು ಅಮೆರಿಕದ ಕಂಪನಿ. ಒಂದು ಕಂಪ್ಯೂಟರಿಗೆ ಇಷ್ಟು ಅಂತ ದುಡ್ಡು, ನಾನು ನೋಡಿದಾಗ ವರ್ಷಕ್ಕೆ 99 ಡಾಲರ್ ಇತ್ತು. ಎಷ್ಟು ಜಿಬಿ ಇದ್ದರೂ ಸೈ, ಮಿತಿ ಇಲ್ಲ. ಚುಚ್ಚಿದ ಹೊರಗಿನ ಡಿಸ್ಕನ್ನೂ ಸೇರಿಸಿಕೊಳ್ಳುತ್ತದೆ. ಅಳಿಸಿದ ಫೈಲನ್ನು ಗೊತ್ತಾದ ಅವಧಿಯವರೆಗೆ ಇಟ್ಟುಕೊಂಡಿರುತ್ತದೆ. ಆದರೆ ಹೊರಗಿನ ಡಿಸ್ಕನ್ನು ಬಹಳ ಕಾಲ ಚುಚ್ಚದೆ ಬೀರುವಿನಲ್ಲಿ ಇಟ್ಟರೆ "ಇವನು ಅಳಿಸಿದ್ದಾನೆ" ಅಂತಲೇ ಲೆಕ್ಕ ಹಾಕುತ್ತದೆ. ನಮ್ಮಂಥ ಸೋಮಾರಿಗಳಿಗೆ ಇದು ಅಪಾಯ. ಐಡ್ರೈವ್ ಅಂತ ಇನ್ನೊಂದು. ಅದರಲ್ಲಿ ಜಾಗಕ್ಕೆ ಮಿತಿ ಉಂಟು, ಆದರೆ ಒಂದೇ ಖಾತೆಗೆ ಫೋನು, ಕಂಪ್ಯೂಟರು ಎಷ್ಟು ಬೇಕಾದರೂ ಸೇರಿಸಬಹುದು. ಎರಡಕ್ಕೂ ಲೆಕ್ಕ ಡಾಲರಿನಲ್ಲಿ, ಕಾರ್ಡಿನಲ್ಲಿ ಕಟ್ಟಬೇಕು. ಯುಪಿಐ ಸ್ಕ್ಯಾನ್ ಮಾಡಿ ಚಹಾ ಕುಡಿಯುವ ನಮಗೆ ಅದೊಂದು ತಲೆನೋವು.

ರೂಪಾಯಿ ಲೆಕ್ಕದಲ್ಲಿ ಸುಲಭಕ್ಕೆ ಸಿಗುವುದು ಗೂಗಲ್ಲಿನದ್ದು. 15 ಜಿಬಿ ಬಿಟ್ಟಿ. ಆದರೆ ಆ 15ರಲ್ಲಿ ಮೇಲ್, ಫೋಟೋ, ಡ್ರೈವ್ ಮೂರೂ ಬಂದವು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದರಲ್ಲೇ. ನಿಮ್ಮ ಫ್ಯಾನ್ಸ್ ಗ್ರೂಪಿನ ಗುಡ್ ಮಾರ್ನಿಂಗ್ ಚಿತ್ರಗಳಿಗೇ ಅದು ಸಾಲುವುದಿಲ್ಲ! ಕಾಸು ಕೊಟ್ಟರೆ, ನಾನು ನೋಡಿದಾಗ, 100 ಜಿಬಿಗೆ ತಿಂಗಳಿಗೆ 130 ರೂಪಾಯಿ, 2 ಟಿಬಿಗೆ 650. ಒಬ್ಬನ ಖಾತೆಯ ಜಾಗವನ್ನು ಮನೆಯ ಇನ್ನೂ ಐದು ಜನ ಹಂಚಿಕೊಳ್ಳಬಹುದು. ಫೋಟೋಸ್‌ಗೆ ಹಾಕುವವರು ಸೆಟ್ಟಿಂಗ್ ನೋಡಿಕೊಳ್ಳಿ. 'ಒರಿಜಿನಲ್ ಕ್ವಾಲಿಟಿ' ಇಲ್ಲದಿದ್ದರೆ ಅದು ಜಾಗ ಉಳಿಸಲು ಫೋಟೋ, ವಿಡಿಯೋಗಳನ್ನು ಹಿಂಡುತ್ತದೆ.

ಬಿಟ್ಟಿ ಅಂತ ಸಿಕ್ಕಿದ್ದಕ್ಕೆ ಕುಣಿಯುವವರಿಗೆ ಒಂದೆರಡು ಸಂಗತಿ. ಗೂಗಲ್ ಫೋಟೋಸ್‌ನಲ್ಲಿ ಹಿಂಡಿದ ಫೋಟೋಗಳಿಗೆ ಮಿತಿ ಇಲ್ಲದ ಜಾಗ ಬಿಟ್ಟಿ ಅಂತ ಇದ್ದದ್ದು 2021ರ ಜೂನ್ 1ಕ್ಕೆ ನಿಂತಿತು. ಒನ್‌ಡ್ರೈವ್ ಕೂಡ ಮಿತಿ ಇಲ್ಲ ಅಂದಿದ್ದನ್ನು 2015ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅಮೆಜಾನ್ ಡ್ರೈವ್ 2023ರ ಕೊನೆಯ ದಿನ ಬಾಗಿಲು ಹಾಕಿತು. ಕ್ರ್ಯಾಶ್‌ಪ್ಲಾನ್ ಅಂತ ಮನೆಮಂದಿಗೆ ಬ್ಯಾಕಪ್ ಕೊಡುತ್ತಿದ್ದದ್ದು 2018ರಲ್ಲಿ ಮನೆಮಂದಿಯನ್ನೇ ಕೈಬಿಟ್ಟಿತು. ನಮ್ಮ ಅಣ್ಣಂದಿರ ಕಾಲದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮೈಸ್ಪೇಸ್ ಅನ್ನುವವರು 2019ರಲ್ಲಿ, ಹನ್ನೆರಡು ವರ್ಷ ಜನ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋದವು ಅಂತ ಒಂದು ಸಾಲಿನಲ್ಲಿ ಹೇಳಿ ಕೈತೊಳೆದುಕೊಂಡರು. ಟಾಕೀಸುಗಳು ಕಲ್ಯಾಣ ಮಂಟಪ ಆದ ಹಾಗೆ ಇವೂ. ಎಷ್ಟು ದೊಡ್ಡ ಬ್ಯಾನರ್ ಆದರೂ ಒಂದೇ ಕಡೆ ಎಲ್ಲ ಇಡಬೇಡಿ ಅನ್ನುವುದಕ್ಕೆ ಇಷ್ಟು ಸಾಕು.

ನಮ್ಮ ಸಿನಿಮಾದ ಉದಾಹರಣೆಯೇ ಕೊಡುತ್ತೇನೆ, ಕೇಳಿ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', 1934. ಇವತ್ತು ಅದರ ಪ್ರಿಂಟ್ ಉಳಿದಿಲ್ಲ. ಕನ್ನಡ ಪರದೆಯ ಮೇಲೆ ಮೊದಲು ಮಾತಾಡಿದವರ ದನಿ ಹೇಗಿತ್ತು ಅಂತ ನಾನೂ ನೀವೂ ಕೇಳುವ ಹಾಗಿಲ್ಲ. ಇನ್ನೊಂದು ಕಡೆ 1977ರ 'ಘಟಶ್ರಾದ್ಧ'. ನಿರ್ದೇಶಕ ಗಿರೀಶ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಕಥೆ ಬರೆದ ಅನಂತಮೂರ್ತಿಯವರು ಅದೇ ತಾಲ್ಲೂಕಿನ ಮೇಳಿಗೆಯವರು. ಸ್ವರ್ಣಕಮಲ ಗೆದ್ದ ಚಿತ್ರ, ಕಪ್ಪು ಬಿಳುಪು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು, ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆಯ ಜೊತೆ ಸೇರಿ, ಅದನ್ನು ಹೊಸದು ಮಾಡಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಯ ಮೇಲೆ ಬಂತು! ಹಾಗಂತ ಪುಣೆಯಲ್ಲಿ ಇಟ್ಟದ್ದೆಲ್ಲ ಶಾಶ್ವತವೂ ಅಲ್ಲ. 2003ರ ಜನವರಿಯಲ್ಲಿ ಅಲ್ಲಿನ ನೈಟ್ರೇಟ್ ರೀಲುಗಳ ಕೋಣೆಗೆ ಬೆಂಕಿ ಬಿದ್ದು ಎಷ್ಟೋ ಹಳೇ ರೀಲುಗಳು ಬೂದಿಯಾದವು. ಇನ್ನೊಂದು ಕಾಪಿ ಬೇರೆ ಊರಲ್ಲಿ ಇತ್ತೋ ಇಲ್ಲವೋ ಅನ್ನುವುದರ ಮೇಲೆ ಆ ಚಿತ್ರದ ಹಣೆಬರಹ.

ಕೀಟರ್ ಪೀಟರ್ ಅಂತ ನಗಬೇಡಿ, ಪೀಟರ್ ಕ್ರೋ ಅಂತ ಒಬ್ಬ ಫೋಟೋಗ್ರಾಫರ್ ಇದಕ್ಕೊಂದು ಲೆಕ್ಕ ಹೇಳಿ ಹೆಸರುವಾಸಿಯಾಗಿದ್ದಾರೆ. ಮೂರು ಕಾಪಿ, ಎರಡು ಬಗೆಯ ಸಾಮಾನಿನಲ್ಲಿ, ಒಂದು ಬೇರೆ ಊರಲ್ಲಿ. ಮೇ ತಿಂಗಳ ಸಿಡಿಲಿಗೆ ರೂಟರು, ಟಿವಿ, ಮೋಡೆಮ್ ಒಟ್ಟಿಗೆ ಸುಟ್ಟ ಮನೆ ನಮ್ಮ ಕಡೆ ಕೇರಿಗೊಂದು ಇದೆ. ಒಂದೇ ಟೇಬಲ್ ಮೇಲೆ ಎರಡು ಡಿಸ್ಕ್ ಚುಚ್ಚಿಟ್ಟರೆ ಸಿಡಿಲಿಗೆ ಅವು ಎರಡಲ್ಲ, ಒಂದೇ.

ಈಗ ಏರಿಸುವ ಮಾತು. ಇಲ್ಲೇ ಮಲೆನಾಡಿನವನ ಸೊಂಟ ಮುರಿಯುವುದು. ಜಾಹೀರಾತಿನಲ್ಲಿ ಹೇಳುವ ಸ್ಪೀಡು ಇಳಿಸುವ ಸ್ಪೀಡು. ಏರಿಸುವುದು ಬೇರೆಯೇ ಇರಬಹುದು, ಕೇಳಿ ತಿಳಿದುಕೊಳ್ಳಿ. ನನ್ನ 300 ಜಿಬಿಯನ್ನು ಫೋನಿನ ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಏರಿಸಿದರೆ ಎಷ್ಟು ದಿನ ಗೊತ್ತೇ? 200 ದಿನ! ಶತದಿನೋತ್ಸವ ದಾಟಿ, 25 ವಾರದ ಬೆಳ್ಳಿಹಬ್ಬವನ್ನೂ ದಾಟಿ ಓಡಬೇಕು. ಇವತ್ತು ಯಾವ ಚಿತ್ರ ಅಷ್ಟು ಓಡುತ್ತದೆ ಹೇಳಿ! ಅದೂ ಆ 200 ದಿನ ಒಂದು ರೀಲ್ಸ್ ಕೂಡ ನೋಡಬಾರದು. ಫೈಬರ್ ಇದ್ದು ಏರಿಸುವ ಸ್ಪೀಡು ನಿಜವಾಗಿ 4 ಎಂಬಿಪಿಎಸ್ ಸಿಕ್ಕರೆ ಹಗಲು ರಾತ್ರಿ ಸೇರಿ ಏಳು ದಿನ. 10 ಸಿಕ್ಕರೆ ಮೂರು ದಿನಕ್ಕಿಂತ ಕಡಿಮೆ. ಮಧ್ಯೆ ಕರೆಂಟು ಹೋಗುತ್ತದೆ, ಮರ ಬಿದ್ದು ಕೇಬಲ್ ಹರಿಯುತ್ತದೆ. ಆದ್ದರಿಂದ ಸೇವೆ ಆರಿಸುವಾಗ ನೋಡಬೇಕಾದ್ದು, ಅರ್ಧಕ್ಕೆ ನಿಂತದ್ದು ನಿಂತಲ್ಲಿಂದಲೇ ಮುಂದುವರಿಯುತ್ತದೋ, ಇಲ್ಲ ಮೊದಲನೇ ರೀಲಿನಿಂದ ಮತ್ತೆ ಶುರುವೋ ಅಂತ. ಒಂದು ದೊಡ್ಡ ಫೈಲ್ ಏರಿಸಲು ಬಿಟ್ಟು ಮಧ್ಯದಲ್ಲಿ ರೂಟರ್ ಆಫ್ ಮಾಡಿ ನೋಡಿ. ಎರಡೇ ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಮೊದಲು ಏನು ಏರಿಸಬೇಕು? ದಯವಿಟ್ಟು ಸಿನಿಮಾಗಳನ್ನಲ್ಲ. ಅದು ಇನ್ನೆಲ್ಲೋ ಸಿಗುತ್ತದೆ. ಥಿಯೇಟರಿನಲ್ಲಿ ಕದ್ದು ಹಿಡಿದ ಪ್ರಿಂಟ್ ಇಟ್ಟುಕೊಂಡವರಿಗಂತೂ ಈ ಅಂಕಣದಲ್ಲಿ ಜಾಗ ಇಲ್ಲ, ಹಂಚಲು ಹೋಗಿ ಖಾತೆಯೇ ಬಂದ್ ಆದರೆ ಅಪ್ಪ ಅಮ್ಮನ ಫೋಟೋನೂ ಅದರ ಜೊತೆಗೇ ಹೋಗುತ್ತದೆ. ನಿಮ್ಮ ಹತ್ತಿರ ಮಾತ್ರ ಇರುವುದನ್ನು ಮೊದಲು ಏರಿಸಿ. ಅಜ್ಜಿ ಹಾಡಿದ ಸೋಬಾನೆ, ಕಟೌಟಿಗೆ ಹಾಲೆರೆದ ದಿನ ನೀವೇ ಹಿಡಿದ ವಿಡಿಯೋ, ಅಂಥದ್ದು. ಫೈಲಿಗೆ ಹೆಸರು ಕೊಡಿ. 00023 ಅಂತಿದ್ದರೆ ಹತ್ತು ವರ್ಷದ ಮೇಲೆ ನಿಮಗೇ ತಿಳಿಯುವುದಿಲ್ಲ.

ಬೀಗದ ಕೈ ವಿಷಯ. ಕೆಲವು ಕಡೆ ನಿಮ್ಮದೇ ಗುಪ್ತ ಕೀಲಿ ಇಟ್ಟುಕೊಳ್ಳಬಹುದು, ಕಂಪನಿಯವರಿಗೂ ತೆಗೆದು ನೋಡಲು ಬರುವುದಿಲ್ಲ. ಕೇಳಲು ಭಾರೀ ಚೆನ್ನ. ಆದರೆ ಆ ಕೀಲಿ ಮರೆತರೆ ದೇವರೇ ಬಂದರೂ ತೆಗೆಯಲಾರ. ಅದಕ್ಕಿಂತ ದೊಡ್ಡ ಗಂಡಾಂತರ ನಮ್ಮ ಹುಡುಗರದ್ದು. ಆರು ತಿಂಗಳಿಗೊಂದು ಸಿಮ್ ಬದಲಿಸುತ್ತಾರೆ. ಓಟಿಪಿ ಹೋಗುವುದು ಹಳೇ ನಂಬರಿಗೆ! ಖಾತೆಯ ಬ್ಯಾಕಪ್ ಕೋಡುಗಳು ಅಂತ ಕೊಡುತ್ತಾರೆ, ಕಾಗದದಲ್ಲಿ ಬರೆದು ಅಮ್ಮನ ಸೀರೆ ಪೆಟ್ಟಿಗೆಯಲ್ಲಿ ಇಡಿ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ನನಗೆ ಗೊತ್ತಿಲ್ಲ. ಗೂಗಲ್ಲಿನವರು ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸಬಹುದು ಅನ್ನುವ ನಿಯಮವನ್ನು 2023ರ ಡಿಸೆಂಬರಿನಿಂದ ಜಾರಿಗೆ ತಂದಿದ್ದಾರೆ. ನಾವು ಹೋದ ಮೇಲೆ ಯಾರಿಗೆ ಸಿಗಬೇಕು ಅಂತ ಮೊದಲೇ ಹೆಸರು ಕೊಟ್ಟಿಡುವ ವ್ಯವಸ್ಥೆಯೂ ಅದರಲ್ಲಿ ಇದೆ. ಇಪ್ಪತ್ತೈದರ ಹುಡುಗನಿಗೆ ಸಾವಿನ ಮಾತು ಬೇಡ ಅನ್ನಿಸಬಹುದು. ನನ್ನ ಅಪ್ಪಯ್ಯನಿಗೂ ಹಾಗೇ ಅನ್ನಿಸಿತ್ತು.

ಇಷ್ಟೆಲ್ಲ ಆದ ಮೇಲೆ ಮ್ಯಾನೇಜರ್ ಪ್ರಶ್ನೆ. ವಾಪಸ್ ಬರ್ತದಾ? ಜಾಹೀರಾತು ಎಲ್ಲ ಏರಿಸುವುದರ ಬಗ್ಗೆ. ವಾಪಸ್ ತರಿಸುವುದನ್ನು ಯಾರೂ ಹೇಳುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಒಂದು ಟ್ರಯಲ್ ಷೋ ಮಾಡಿ. ಒಂದು ಗಂಟೆಯ ವಿಡಿಯೋ ಏರಿಸಿ. ಗೆಳೆಯನ ಕಂಪ್ಯೂಟರಿನಲ್ಲಿ, ನಿಮ್ಮದರಲ್ಲಲ್ಲ, ಲಾಗಿನ್ ಆಗಿ ಇಳಿಸಿಕೊಳ್ಳಿ. ಕೊನೇ ನಿಮಿಷದವರೆಗೆ ನೋಡಿ, ಸೌಂಡ್ ಇದೆಯಾ ಕೇಳಿ. ನಾನು ಮೊನ್ನೆ ಒಂದು ಸೇವೆಯಲ್ಲಿ ಹೀಗೆ ನೋಡಿದಾಗ ಜಿಪ್ ಆಗಿ ಬಂದ ಫೋಲ್ಡರಿನಲ್ಲಿ ನನ್ನ ಕನ್ನಡದ ಹೆಸರುಗಳೆಲ್ಲ ಕೋಳಿ ಕೆರೆದ ಹಾಗಾಗಿದ್ದವು. ಇನ್ನೊಂದರಲ್ಲಿ ಫೋಟೋ ತೆಗೆದ ತಾರೀಕೆಲ್ಲ ಹೋಗಿ, ಎಲ್ಲವೂ ಅದೇ ದಿನ ತೆಗೆದ ಹಾಗೆ! ಎರಡನ್ನೂ ಬಿಟ್ಟೆ. ಬ್ಯಾಕ್‌ಬ್ಲೇಜಿನವರು ಬೇಕಾದರೆ ಡಿಸ್ಕಿಗೆ ತುಂಬಿ ಪೋಸ್ಟಿನಲ್ಲೇ ಕಳಿಸುತ್ತಾರೆ. ಆದರೆ ಅಮೆರಿಕದಿಂದ ಸಾಗರಕ್ಕೆ ಬರುವ ಪಾರ್ಸಲ್ಲು, ಕಸ್ಟಮ್ಸು... ನನ್ನ ಜೇಬಿಗೆ ಆಗುವ ಮಾತಲ್ಲ.

ಕೊನೆಗೆ ನಾನು ಏನು ಮಾಡಿದೆ ಅಂತೀರಾ? 2 ಟಿಬಿಯ ಗೂಗಲ್ ಜಾಗ ತೆಗೆದುಕೊಂಡೆ. ಮಾವ, ತೀರ್ಥಹಳ್ಳಿಯ ಅಕ್ಕ-ಭಾವ, ನಾನು, ಮೂರು ಮನೆ ಸೇರಿ ದುಡ್ಡು ಹಾಕಿಕೊಂಡೆವು. ತಲೆಗೆ ಬಂದದ್ದು ತಿಂಗಳಿಗೆ 217 ರೂಪಾಯಿ, ಬಾಲ್ಕನಿ ಟಿಕೆಟ್ಟಿನ ರೇಟು. ಕನ್ನಡಿ ಫೋಲ್ಡರ್ ಇಲ್ಲ. ಏರಿಸುವುದು ಅಕ್ಕನ ಮನೆಯ ಫೈಬರಿನಿಂದ, ರಾತ್ರಿ ಹೊತ್ತು. ಇದು ಎಲ್ಲಕ್ಕಿಂತ ಬೆಸ್ಟ್ ಅಂತಲ್ಲ. ಅಮ್ಮನಿಗೆ ಫೋನಿನಲ್ಲಿ ನೋಡಲು ಬರುತ್ತದೆ, ಮಾವನಿಗೆ ಅರ್ಥವಾಗುತ್ತದೆ, ದುಡ್ಡು ರೂಪಾಯಿಯಲ್ಲಿ ಕಟ್ಟಬಹುದು. ಕಂಪ್ಯೂಟರಿನ ಮುಂದೆಯೇ ಕೂತು ಕೆಲಸ ಮಾಡುವವರಾದರೆ, ಕಾರ್ಡ್ ಇದ್ದರೆ, ಬ್ಯಾಕಪ್ಪಿಗೆಂದೇ ಇರುವ ಸೇವೆಯೇ ಮೇಲು, ಅದರಲ್ಲಿ ನನ್ನಂಥ ಪೆದ್ದನ ಬೆರಳಿಗೆ ಅವಕಾಶ ಕಡಿಮೆ. ಜೊತೆಗೆ ಎರಡು ಹಾರ್ಡ್‌ಡಿಸ್ಕ್. ಒಂದು ಸಾಗರದಲ್ಲಿ, ಒಂದು ಹೊಸನಗರದಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಮೂರು ತಿಂಗಳಿಗೊಮ್ಮೆ ಅದಲು ಬದಲು.

ಅಪ್ಪಯ್ಯನ ವಿಡಿಯೋ ಕಥೆ ಏನಾಯಿತು ಅಂತ ಕೇಳುತ್ತೀರಿ. ಮಾವ ಕ್ಯಾಸೆಟ್ಟುಗಳನ್ನು ಎಸೆದಿರಲಿಲ್ಲ. "ಎಂತಕ್ಕೆ ಎಸೆಯೂದು ಮಾರಾಯ, ಅಟ್ಟ ಖಾಲಿನೇ ಉಂಟಲ" ಅಂದರು. ಮದುವೆ ಕ್ಯಾಸೆಟ್ಟನ್ನು ಮತ್ತೆ ಶಿವಮೊಗ್ಗಕ್ಕೆ ಒಯ್ದೆ. ಎರಡು ಮಳೆಗಾಲ ಹೆಚ್ಚಾಗಿತ್ತಲ್ಲ, ಬೂಷ್ಟು ಒಳಗೆ ಹೋಗಿತ್ತು. ಎರಡು ಕಡೆ ಟೇಪ್ ಹರಿಯಿತು. ಮೊದಲ ಸಲ ನಾಲ್ಕು ನಿಮಿಷ ಸ್ವಚ್ಛವಾಗಿ ಸಿಕ್ಕಿದ್ದು, ಈ ಸಲ 2 ನಿಮಿಷ 40 ಸೆಕೆಂಡ್. ಚಿತ್ರದ ತುಂಬ ಜಡಿಮಳೆಯ ಹಾಗೆ ಗೆರೆ. ಶಂಕರ್‌ನಾಗ್ ನಡಿಗೆ ಪೂರಾ ಹೋಯಿತು. ಅಣ್ಣಾವ್ರ ಧಾಟಿ ಅರ್ಧ ಇದೆ. ಕೊನೆಯ ನಗು, ಕೆಮ್ಮು ಇದೆ. ನಾನು ಮಾತ್ರ ಫ್ರೇಮಿನಲ್ಲೇ ಇಲ್ಲ.

ಈ ದೀಪಾವಳಿಗೆ ಅಮ್ಮನಿಗೆ ಅಷ್ಟನ್ನು ತೋರಿಸಿದೆ. ಅವರು ಎರಡು ಸಲ ನೋಡಿ, "ಮುಂಚೆ ಇನ್ನೂ ಉದ್ದ ಇತ್ತಲ್ದಾ?" ಅಂದರು.

ಹೋದ ಸೋಮವಾರ ಹೊಸ ಡಿಸ್ಕನ್ನು ಸ್ಟೀಲ್ ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ, ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಸಂಜೆ ನಾಲ್ಕಕ್ಕೆ ಮಾವನ ಫೋನು. "ಡಬ್ಬ ಬಂತು ಮಾರಾಯ. ಹಳೇದನ್ನ ನಾಳೆ ಬೆಳಗಿನ ಬಸ್ಸಿಗೆ ಹಾಕ್ತೆ, ಸ್ಟ್ಯಾಂಡಿಗೆ ಬಂದು ಇಸ್ಕೋ."

ಮುಂದಿನ ವಾರ ಗಾಂಧಿನಗರ.